ಆಟ ಮಾರಿಕೊಂಡರೆ ಅದು ಮೋಸ ಅಲ್ವಾ?

ಮೆಲ್ಬರ್ನ್‌ಗೆ ಬಂದು ಬಹಳ ವರ್ಷಗಳಾದವು. ಆದರೂ 2022ರ ಜನವರಿಯಲ್ಲಿ ಓದಿದ ಊರ ಸುದ್ದಿಯೊಂದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಮ್ಯಾಚ್ ಫಿಕ್ಸಿಂಗ್, ಅಂದರೆ ಹಣ ಪಡೆದು ಬೇಕೆಂದೇ ಆಟ ಕೆಡಿಸುವುದು, ನಡೆದಿದೆ ಎಂದು ಬೆಂಗಳೂರು ಪೊಲೀಸರು 2019ರಲ್ಲಿ ಕೆಲವರನ್ನು ಹಿಡಿದಿದ್ದರು. ಅವರಲ್ಲಿ ಅರ್ಜಿ ಹಾಕಿದವರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತು.

ಅವರು ತಪ್ಪು ಮಾಡಿದ್ದರೋ ಇಲ್ಲವೋ ಎನ್ನುವುದು ನನ್ನ ಪ್ರಶ್ನೆ ಅಲ್ಲ. ಕೋರ್ಟ್ ಕೊಟ್ಟ ಕಾರಣ ನೋಡಿ. ಆಗಿನ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 420ರ ಪ್ರಕಾರ ವಂಚನೆ ಆಗಬೇಕಾದರೆ ಒಬ್ಬರನ್ನು ನಂಬಿಸಿ ಅವರಿಂದ ಏನನ್ನೋ ಕಿತ್ತುಕೊಂಡಿರಬೇಕು. ಪ್ರೇಕ್ಷಕರು ತಾವಾಗಿಯೇ ಟಿಕೆಟ್ ಕೊಳ್ಳುತ್ತಾರೆ, ಯಾರೂ ಪುಸಲಾಯಿಸಿರುವುದಿಲ್ಲ. ಹಾಗಾಗಿ ಫಿಕ್ಸಿಂಗ್ ಅಶಿಸ್ತು ಇರಬಹುದು, ಅಪ್ರಾಮಾಣಿಕತೆ ಇರಬಹುದು, ಈ ಸೆಕ್ಷನ್ನಿನ ವಂಚನೆ ಅಲ್ಲ. ಕ್ರಮ ಬೇಕಿದ್ದರೆ ಕ್ರಿಕೆಟ್ ಮಂಡಳಿ ತೆಗೆದುಕೊಳ್ಳಲಿ. ನನಗೆ ಸಿಟ್ಟು ಬಂದದ್ದು ಕೋರ್ಟ್ ಮೇಲಲ್ಲ. ಕಾನೂನಿನಲ್ಲಿ ಇಲ್ಲದ ಅಪರಾಧವನ್ನು ನ್ಯಾಯಾಧೀಶರು ಎಲ್ಲಿಂದ ತರಬೇಕು?

ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿ 2013ರಲ್ಲಿ ಇದಕ್ಕೆಂದೇ ಕಾನೂನು ಬಂತು. ಬೆಟ್ಟಿಂಗ್ ಫಲಿತಾಂಶ ಕೆಡಿಸುವಂತೆ ಆಡಿದವರಿಗೆ 10 ವರ್ಷದವರೆಗೆ ಜೈಲು. ಅದಕ್ಕೆ ನೆರವಾದವರಿಗೂ ಅಷ್ಟೇ, ಮುಚ್ಚಿಡು ಎಂದು ಒಪ್ಪಿಸಿದವರಿಗೂ ಅಷ್ಟೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸದರ್ನ್ ಸ್ಟಾರ್ಸ್ ಎಂಬ ಫುಟ್‌ಬಾಲ್ ತಂಡದ ಕೆಲವರು ಸಿಕ್ಕಿಬಿದ್ದರು. ದೊಡ್ಡ ತಂಡವೇನಲ್ಲ, ರಾಜ್ಯಮಟ್ಟದ ಲೀಗ್‌ನದ್ದು. ತಪ್ಪೊಪ್ಪಿಕೊಂಡ ಆಟಗಾರರಿಗೆ ದಂಡ ಬಿತ್ತು. ಡೀಲ್ ಕುದುರಿಸಿದವನು ಜೈಲಿಗೆ ಹೋದ.

ನನಗೆ ಮುಖ್ಯ ಅನಿಸುವುದು ಇದೇ. ಮಂಡಳಿಯ ನಿಷೇಧ ತಟ್ಟುವುದು ಆಟಗಾರನಿಗೆ ಮಾತ್ರ. ಬೆಟ್ಟಿಂಗ್ ನಡೆಸುವ ಬುಕ್ಕಿ ಮಂಡಳಿಯ ಸದಸ್ಯನಲ್ಲ, ಅವನನ್ನು ಯಾವ ಆಟದಿಂದ ಹೊರಹಾಕುತ್ತೀರಿ? ಇಪ್ಪತ್ತರ ಹುಡುಗನ ಬದುಕು ಮುಗಿಯುತ್ತದೆ, ಹಣ ಕೊಟ್ಟವನು ಇನ್ನೊಬ್ಬ ಹುಡುಗನನ್ನು ಹುಡುಕುತ್ತಾನೆ. ಪ್ರಾಮಾಣಿಕವಾಗಿ ಬೆವರು ಸುರಿಸಿ ಆಡಿದ ಉಳಿದ ಹತ್ತು ಜನರ ಬಗ್ಗೆಯಂತೂ ಯಾರೂ ಮಾತೇ ಆಡುವುದಿಲ್ಲ.

ಇಲ್ಲಿನ ಕಾನೂನಿನಲ್ಲೂ ಕೊರತೆ ಇದೆ. ಅದು ಪೂರ್ತಿ ಬೆಟ್ಟಿಂಗ್‌ಗೆ ಕಟ್ಟಿಕೊಂಡಿದೆ. ಇಲ್ಲಿ ಬೆಟ್ಟಿಂಗ್‌ಗೆ ಲೈಸೆನ್ಸ್ ಇದೆ, ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಅದು ಬಹುತೇಕ ಕದ್ದುಮುಚ್ಚಿ ನಡೆಯುವ ದಂಧೆ. ಹಾಗಾಗಿ ಇದನ್ನೇ ಸುಮ್ನೆ ನಕಲು ಮಾಡಿದರೆ ಪ್ರಯೋಜನವಿಲ್ಲ.

ನಮ್ಮಂಥ ದೇಶಕ್ಕೆ ಇದೆಲ್ಲ ಆಗದು ಅನ್ನುವವರಿದ್ದಾರೆ. ಪಕ್ಕದ ಶ್ರೀಲಂಕಾ 2019ರಲ್ಲೇ ಮಾಡಿತು. ಅಲ್ಲೂ 10 ವರ್ಷದವರೆಗೆ ಶಿಕ್ಷೆ. ನಮ್ಮಲ್ಲೂ 2013ರ ಐಪಿಎಲ್ ಫಿಕ್ಸಿಂಗ್ ಹಗರಣದ ನಂತರ ಕ್ರೀಡಾ ವಂಚನೆ ತಡೆ ಮಸೂದೆಯ ಕರಡು ಸಿದ್ಧವಾಗಿತ್ತು, ಕಾನೂನಾಗಲಿಲ್ಲ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಹೊಸ ನ್ಯಾಯ ಸಂಹಿತೆ ಬಂತು. 420 ಹೋಗಿ 318 ಆಯಿತು, ಮ್ಯಾಚ್ ಫಿಕ್ಸಿಂಗ್ ಬಗ್ಗೆ ಅದರಲ್ಲೂ ಒಂದು ಸಾಲಿಲ್ಲ. ಆ ಹಳೆಯ ಕರಡನ್ನು ಮತ್ತೆ ಕೈಗೆತ್ತಿಕೊಳ್ಳಲಿ. ಮೊದಲ ಸೆಕ್ಷನ್ ಹಣ ಕೊಟ್ಟವನ ಮೇಲೇ ಇರಲಿ.