ಇಲ್ಲ ಅನ್ನೋಕೆ ಕಾಗದ ಬೇಡ, ಕೊಡೋಕೆ ಮಾತ್ರ ಬೇಕು

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಅದರ ಪಕ್ಕ ಎ.ಎಸ್.ಡಿ. ಅಂತ ಇದೆ. ಅಂದರೆ ಆಟಿಸಂ ಇರಬಹುದು, ಇಲ್ಲದೆಯೂ ಇರಬಹುದು, ಆರು ತಿಂಗಳು ಬಿಟ್ಟು ಬನ್ನಿ. ಆ ಒಂದು ಚಿಹ್ನೆ ನಮ್ಮನ್ನು ಆಡಿಸುತ್ತಿರುವ ಆಟ ನೋಡಿ ನೋಡಿ ಸಾಕಾಗಿದೆ. ಇವತ್ತು ಇದನ್ನು ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಹೇಗೂ ನಿದ್ದೆ ಇಲ್ಲ ಬಿಡಿ, ಮಗ ರಾತ್ರಿ ಎರಡಕ್ಕೆ ಎದ್ದರೆ ಬೆಳಗಿನವರೆಗೂ ಹಾಲ್‌ನಲ್ಲಿ ಓಡುತ್ತಲೇ ಇರುತ್ತಾನೆ.

ನಾವಿರುವುದು ಬಾಳೆಹೊನ್ನೂರಿನಿಂದ ಇನ್ನೂ ಒಳಗೆ. ನಮ್ಮ ಎಜಮಾನರು ಕಾಫಿ ತೋಟವೊಂದರಲ್ಲಿ ರೈಟರು, ಅಂದರೆ ಲೆಕ್ಕಪತ್ರ ಬರೆಯುವವರು. ಮಗನಿಗೆ ಈಗ ನಾಲ್ಕೂವರೆ. ಎರಡು ವರ್ಷದವನಿದ್ದಾಗ ಅಮ್ಮ, ಅಜ್ಜ ಅನ್ನುತ್ತಿದ್ದ, ಆಮೇಲೆ ಅದೂ ನಿಂತಿತು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೆ ಮಾತ್ರ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಮೊಸರನ್ನ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಅದರಲ್ಲೂ ಒಂದು ಸಾಸಿವೆ ಕಂಡರೆ ತಟ್ಟೆ ಹಾರುತ್ತದೆ. ಗೇಟು ತೆರೆದಿದ್ದರೆ ಸೀದಾ ತೋಟದ ಕೆರೆ ಕಡೆಗೆ ಓಟ. ಅವನ ಹಿಂದೆ ಯಾವಾಗಲೂ ಒಬ್ಬರು ಇರಲೇಬೇಕು. ಆ ಒಬ್ಬರು ನಾನು. ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದೇನೆ, ಆ ಸಂಪಾದನೆ ಹೋಯಿತು. ಡೈಪರ್ ಇನ್ನೂ ಬಿಟ್ಟಿಲ್ಲ. ಅವನ ಸೈಜಿನ ಡೈಪರ್ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ರೇಟು ಕೇಳಬೇಡಿ.

ನೆಂಟರ ಕಥೆ ಬೇರೆ. ಗಂಡು ಮಕ್ಕಳು ಲೇಟಾಗಿ ಮಾತಾಡ್ತಾರೆ. ಅವರಪ್ಪನೂ ಲೇಟೇ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ಯಾ? ಮೊಬೈಲ್ ಕೊಟ್ಟೇ ಹಿಂಗಾಗಿದ್ದು. ಇದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೇನೆ. ಅವರ ಕೈಯಲ್ಲಿ ಸೀಲು ಇಲ್ಲ. ನನ್ನ ಸಿಟ್ಟು ಸೀಲು ಇರುವವರ ಮೇಲೆ.

ಅಂಗವಿಕಲರ ಕಾರ್ಡ್ ಮಾಡಿಸಿದರೆ ಏನಾದರೂ ಸಿಗುತ್ತದೆ ಅಂತ ಹೇಳಿದ್ದು ನಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು. ಅವರಿಗೇ ಒಂದು ಕಾಲು ಪೋಲಿಯೋ. ಈ ಪೂರ್ತಿ ಓಡಾಟದಲ್ಲಿ ಸಿಕ್ಕ ಒಳ್ಳೆಯ ಮನುಷ್ಯ ಅವರೊಬ್ಬರೇ. ಅರ್ಜಿ ತುಂಬಿ ಕೊಡುವಾಗಲೇ ಹೇಳಿದರು, "ಅಕ್ಕ, ನನ್ನ ಕಾಲು ಎಲ್ಲರಿಗೂ ಕಾಣುತ್ತೆ. ನಿಮ್ಮ ಮಗಂದು ಕಾಣಲ್ಲ. ಸ್ವಲ್ಪ ಓಡಾಡ್ಬೇಕಾಗುತ್ತೆ." ಸ್ವಲ್ಪ ಅಂದಿದ್ದರು ಪಾಪ.

ಎಲ್ಲಕ್ಕೂ ಆಧಾರ ಯುಡಿಐಡಿ ಅನ್ನುವ ಆ ಅಂಗವಿಕಲರ ಕಾರ್ಡ್. ಕಾರ್ಡಿಗೆ ಪರ್ಸೆಂಟ್ ಬೇಕು, ಅಂದರೆ ಅಂಗವಿಕಲತೆ ನೂರಕ್ಕೆ ಎಷ್ಟು ಅನ್ನುವ ಲೆಕ್ಕ. ಪರ್ಸೆಂಟ್‌ಗೆ ಡಯಾಗ್ನೋಸಿಸ್ ಬೇಕು. ಶೇಕಡಾ 40 ದಾಟಿದರೆ ತಿಂಗಳಿಗೆ 800 ರೂಪಾಯಿ ಪಿಂಚಣಿ, 75 ದಾಟಿದರೆ 1,400. ಇಷ್ಟೇ. ಚಿಕ್ಕಮಗಳೂರಿನಲ್ಲಿ ಪ್ರೈವೇಟ್ ಸ್ಪೀಚ್ ಥೆರಪಿಗೆ ಮುಕ್ಕಾಲು ಗಂಟೆಗೆ ಐನೂರು ಕೊಡುತ್ತಿದ್ದೇವೆ. ಲೆಕ್ಕ ನೀವೇ ಹಾಕಿ. ಆ ಎಂಟುನೂರಕ್ಕೂ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಆಧಾರ್, ಜೊತೆಗೆ ಫೋಟೋ. ಆಧಾರ್ ಫೋಟೋಗೆ ಕ್ಯಾಮೆರಾ ನೋಡು ಅಂದರೆ ನೋಡುವ ಮಗುವಾಗಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಪರ್ಸೆಂಟ್ ಬರೆದುಕೊಡುವ ಡಾಕ್ಟರುಗಳ ಬೋರ್ಡಿನ ದಿನ ಹೋದರೆ ಸೈಕಿಯಾಟ್ರಿಸ್ಟ್ ರಜೆ. ಇನ್ನೊಮ್ಮೆ ಹೋದರೆ ಡಾಕ್ಟರು ಇದ್ದಾರೆ, ಟೆಸ್ಟ್ ಮಾಡುವ ಸೈಕಾಲಜಿಸ್ಟ್ ಇಲ್ಲ. ಆಟಿಸಂ ಅಳೆಯಲು ಐಎಸ್‌ಎಎ ಅಂತ ಒಂದು ಪಟ್ಟಿ ಇದೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70 ಬಂದರೆ ಆಟಿಸಂ. ತಾಯಿಯನ್ನು ಕೂರಿಸಿಕೊಂಡು ಕೇಳಬೇಕು, ಮಗುವನ್ನು ಆಡಲು ಬಿಟ್ಟು ನೋಡಬೇಕು. ಅಷ್ಟು ಹೊತ್ತು ನಮಗೆ ಯಾರೂ ಕೊಟ್ಟಿಲ್ಲ. ಹೊರಗೆ ಕ್ಯೂನಲ್ಲಿ ಇವನು ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ಇಡೀ ಕಾರಿಡಾರ್ ನೋಡಿತು. ಒಳಗೆ ಹೋಗುವಷ್ಟರಲ್ಲಿ ಸುಸ್ತಾಗಿ ನನ್ನ ಹೆಗಲ ಮೇಲೆ ಮಲಗಿದ್ದ. ಡಾಕ್ಟರು ಅಂದರು, "ಶಾಂತವಾಗೇ ಇದಾನಲ್ಲಮ್ಮ. ಐದು ವರ್ಷ ಆಗ್ಲಿ, ಆಮೇಲೆ ನೋಡೋಣ."

ಈ ಐದು ವರ್ಷ ಅನ್ನುವುದನ್ನು ಎಷ್ಟು ಜನ ಹೇಳಿದ್ದಾರೋ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹಾಗಿಲ್ಲ. ಬುದ್ಧಿ ಬೆಳವಣಿಗೆ ಹಿಂದಿರುವ ಮಗುವಿಗೆ ಒಂದು ವರ್ಷ ದಾಟಿದ ಮೇಲೆ ಸರ್ಟಿಫಿಕೇಟ್ ಕೊಡಬಹುದು. ಐದರೊಳಗೆ ಅದಕ್ಕೆ ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ, ಅಂದರೆ ಒಟ್ಟಾರೆ ಬೆಳವಣಿಗೆ ಹಿಂದಿದೆ ಅಂತ ಬರೆದು, ತಾತ್ಕಾಲಿಕ ಸರ್ಟಿಫಿಕೇಟ್ ಕೊಡಬೇಕು. ವಿಆರ್‌ಡಬ್ಲ್ಯು ಅದರ ಪ್ರಿಂಟ್ ತೆಗೆಸಿ ಕೊಟ್ಟಿದ್ದರು. ಕೌಂಟರಿನಲ್ಲಿ ತೋರಿಸಿದೆ. "ಇದೆಲ್ಲ ನಮಗೆ ಬಂದಿಲ್ಲ" ಅಂದರು. ಸರ್ಕಾರದ ಗೆಜೆಟ್ ಬಾಳೆಹೊನ್ನೂರಿನ ಗೃಹಿಣಿಗೆ ಸಿಗುತ್ತದೆ, ಸರ್ಕಾರಿ ಕೌಂಟರಿಗೆ ಬರುವುದಿಲ್ಲ!

ಆಗಲಿ, ಆಗಲ್ಲ ಅಂತಲೇ ಬರೆದುಕೊಡಿ ಅಂದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಅಪೀಲು ಹಾಕಲು ಅವಕಾಶ ಇದೆ. ಸರ್ಟಿಫಿಕೇಟ್ ಕೊಡದಿದ್ದರೆ ಕಾರಣ ಬರೆದುಕೊಡಬೇಕು ಅಂತ ನಿಯಮವೇ ಇದೆ. ಅವರು ನಕ್ಕರು. "ಹಂಗೆಲ್ಲ ಬರ್ಕೊಡಲ್ಲಮ್ಮ." ಬರೆದುಕೊಟ್ಟರೆ ತಾನೇ ನಾನು ಅಪೀಲು ಹಾಕುವುದು? ಪೋರ್ಟಲ್‌ನಲ್ಲಿ ನಮ್ಮ ಅರ್ಜಿ ಇವತ್ತಿಗೂ ಪೆಂಡಿಂಗ್.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಅಂಗನವಾಡಿಯಲ್ಲಿ ಟೀಚರ್ ಹೇಳಿದ್ದು, "ಇವನನ್ನ ಒಬ್ಬನನ್ನೇ ಬಿಟ್ಟು ಹೋಗ್ಬೇಡಿ, ನೀವೂ ಕೂತ್ಕೊಳ್ಳಿ." ಎಲ್‌ಕೆಜಿಗೆ ಸೇರಿಸಲು ಹೋದ ಪ್ರೈವೇಟ್ ಸ್ಕೂಲಿನಲ್ಲಿ ಐದು ನಿಮಿಷ ನೋಡಿ, "ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲ" ಅಂದರು. ಇಂಥ ಮಕ್ಕಳು! ಯಾವ ಬೋರ್ಡ್ ಹೇಳಿತು? ಯಾವ ಪರ್ಸೆಂಟ್ ನೋಡಿದರು? ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಿ ಅಂದವರೂ ಸರ್ಟಿಫಿಕೇಟ್ ಕೇಳಲಿಲ್ಲ. ಅವನನ್ನು ಹೊರಗಿಡುವಾಗ ಎಲ್ಲರೂ ಡಾಕ್ಟರೇ. ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲದೆ ಡಯಾಗ್ನೋಸಿಸ್ ಮುಗಿಸುತ್ತಾರೆ. ಎಂಟುನೂರು ರೂಪಾಯಿ ಕೊಡಬೇಕಾದಾಗ ಮಾತ್ರ ಅವನು ಮಾಮೂಲಿ ಹುಡುಗ.

ಮೈಸೂರಿಗೆ ಹೋಗಿ, ಬೆಂಗಳೂರಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಗೊತ್ತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಎರಡೂ ದೊಡ್ಡ ಜಾಗಗಳೇ, ಅವುಗಳ ಮೇಲೆ ನನ್ನದೇನೂ ದೂರಿಲ್ಲ. ಆದರೆ ಇಲ್ಲಿಂದ ಹೋಗುವುದು ಹೇಗೆ ಹೇಳಿ. ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಪುಣ್ಯದಿಂದ ನನಗೆ ಟಿಕೆಟ್ ಇಲ್ಲ, ಸಣ್ಣವನು ಅಂತ ಅವನಿಗೂ ಇಲ್ಲ. ಆದರೆ ಆಲ್ದೂರಿನ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿ, ಹಾರ್ನ್ ಕೇಳಿದಾಗಲೆಲ್ಲ ಕಿರುಚುವ ಮಗುವನ್ನು ಹಿಡಿದುಕೊಂಡು ಬೇಲೂರು, ಹಾಸನ ದಾಟಿ ಮೈಸೂರು ಮುಟ್ಟುವುದು ಪುಕ್ಕಟೆ ಟಿಕೆಟ್‌ನಿಂದ ಆಗುವ ಕೆಲಸ ಅಲ್ಲ. ಕಾರೇ ಬೇಕು. ಅಂಗವಿಕಲರ ರಿಯಾಯಿತಿ ಬಸ್ ಪಾಸಿಗೂ ಆ ಕಾರ್ಡೇ ಬೇಕು, ಅದೂ ನೂರು ಕಿಲೋಮೀಟರ್‌ವರೆಗೆ ಮಾತ್ರ. ಕಾಫಿ ಕೊಯ್ಲಿನ ಸೀಸನ್‌ನಲ್ಲಿ ಎಜಮಾನರಿಗೆ ರಜೆ ಕೊಡುವುದಿಲ್ಲ. ಮಳೆಗಾಲದಲ್ಲಿ ಕೊಟ್ಟರೆ ರಸ್ತೆ ಮೇಲೆ ಮರ ಬಿದ್ದಿರುತ್ತದೆ.

ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳಿಗೆ ಡಿಸೆಬಿಲಿಟಿ ಲಿವಿಂಗ್ ಅಲೋವನ್ಸ್ ಅಂತ ಇದೆಯಲ್ಲ, ಅದಕ್ಕೆ ಡಯಾಗ್ನೋಸಿಸ್ ಬೇಕೇಬೇಕು ಅಂತಿಲ್ಲ. ಅದೇ ವಯಸ್ಸಿನ ಬೇರೆ ಮಗುವಿಗಿಂತ ಈ ಮಗುವನ್ನು ಎಷ್ಟು ಜಾಸ್ತಿ ನೋಡಿಕೊಳ್ಳಬೇಕು ಅನ್ನುವುದನ್ನು ಕೇಳುತ್ತಾರೆ. ಮೂರು ತಿಂಗಳಿಂದ ಈ ಕಷ್ಟ ಇರಬೇಕು, ಮುಂದೆ ಆರು ತಿಂಗಳಾದರೂ ಇರುವ ಹಾಗೆ ಕಾಣಬೇಕು. ಅಲ್ಲೂ ಫಾರ್ಮ್ ತುಂಬುವುದು ತಲೆನೋವು, ಅಲ್ಲೂ ರಿಜೆಕ್ಟ್ ಮಾಡುತ್ತಾರಂತೆ. ಆದರೆ ಪ್ರಶ್ನೆಯಾದರೂ ಸರಿ ಇದೆ ಅಲ್ವಾ? ರಾತ್ರಿ ಎಷ್ಟು ಸಲ ಏಳುತ್ತೀರಿ, ಊಟ ಯಾರು ಮಾಡಿಸುತ್ತಾರೆ, ಹೊರಗೆ ಕೈ ಬಿಟ್ಟರೆ ಏನಾಗುತ್ತದೆ. ಇದನ್ನು ಇಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಉತ್ತರ ನನ್ನ ಹತ್ತಿರ ಇತ್ತು, ಅದಕ್ಕೆ ಮೈಸೂರೂ ಬೇಕಿರಲಿಲ್ಲ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ವಿಆರ್‌ಡಬ್ಲ್ಯು, ಮೂವರು ಮನೆಗೆ ಬಂದು ಒಂದು ದಿನ ಕೂತು ಬರೆದಿದ್ದರೆ ಸಾಕಿತ್ತು. ಚಿಕ್ಕ ಮಕ್ಕಳ ವಿಷಯದಲ್ಲಿ ತೊಂದರೆಯ ಹೆಸರು ಗಟ್ಟಿಯಾಗಲು ಟೈಮ್ ಬೇಕು, ಡಾಕ್ಟರು ದುಡುಕಬಾರದು, ಅದನ್ನು ನಾನೂ ಒಪ್ಪುತ್ತೇನೆ. ಹೆಸರಿಗೆ ಬೇಕಾದರೆ ಎರಡು ವರ್ಷ ತಗೊಳ್ಳಿ. ಅಲ್ಲಿವರೆಗೆ ಥೆರಪಿಗೆ, ಡೈಪರ್‌ಗೆ ಅಂತ ಏನಾದರೂ ಕೊಟ್ಟಿರಲು ಏನು ಅಡ್ಡಿ? ಸಣ್ಣ ವಯಸ್ಸಿನಲ್ಲೇ ಥೆರಪಿ ಶುರು ಮಾಡಿ ಅಂತ ಗೋಡೆ ಮೇಲೆ ಪೋಸ್ಟರ್ ಅಂಟಿಸಿದವರೂ ಇವರೇ.

ಬುಧವಾರ ಮತ್ತೆ ಬೋರ್ಡ್ ಇದೆಯಂತೆ. ಸೈಕಾಲಜಿಸ್ಟ್ ಬರುತ್ತಾರೋ ಇಲ್ಲವೋ, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಂಡು ಬನ್ನಿ ಅಂದಿದ್ದಾರೆ. ನಂಬರ್ ಕೂಡ ಕೊಟ್ಟಿದ್ದಾರೆ. ಯಾರೂ ಎತ್ತುವುದಿಲ್ಲ.