ಓದುಗನಿಗೊಂದು ಸೆಟ್, ಸೆಟ್ಟಿಗೊಬ್ಬ ಓದುಗ

ಮನುಷ್ಯರನ್ನು ಹೇಗೆ ವಿಂಗಡಿಸಬೇಕು ಎಂದು ದಾರ್ಶನಿಕರು ಸಾವಿರಾರು ವರ್ಷ ತಲೆಕೆಡಿಸಿಕೊಂಡರು. ಪುಸ್ತಕ ಮಾರುವವರು ರಿಯಾಯಿತಿಯ ಒಂದೇ ವಾರದಲ್ಲಿ ಅದನ್ನು ಬಗೆಹರಿಸಿಬಿಟ್ಟಿದ್ದಾರೆ. ಅಪ್ಪನಿಗೆ ಯುದ್ಧದ ಇತಿಹಾಸದ ಸೆಟ್, ಅಮ್ಮನಿಗೆ ಮನಸ್ಸಿನ ನೆಮ್ಮದಿಯ ಸೆಟ್. ಹದಿಹರೆಯದವರಿಗೆ ರಕ್ತಪಿಶಾಚಿಗಳು. ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಬೆಳಗ್ಗೆ ಬೇಗ ಏಳುವ ವಿದ್ಯೆ, ಅವನ ಮೇಲಧಿಕಾರಿಗೆ ನಾಯಕತ್ವದ ವಿದ್ಯೆ. ನಿವೃತ್ತರಾದವರಿಗೆ ತೋಟಗಾರಿಕೆ, ತೋಟ ಇದೆಯೋ ಇಲ್ಲವೋ ಎಂಬ ವಿಚಾರಣೆ ಇಲ್ಲ.

‘ಯಾರಿಗೆ ಯಾವ ಸೆಟ್’ ಎಂದು ರಿಯಾಯಿತಿಯ ಕಾಲದಲ್ಲಿ ಅವರು ಹೊರಡಿಸುವ ಮಾರ್ಗದರ್ಶಿಗಳನ್ನು ಎಷ್ಟು ಬೇಕಾದರೂ ತಿರುವಿ ನೋಡಿ. ವಯಸ್ಸು ಕೇಳುತ್ತವೆ, ಸಂಬಂಧ ಕೇಳುತ್ತವೆ, ಬಜೆಟ್ ಕೇಳುತ್ತವೆ, ಕಪಾಟಿನ ಬಣ್ಣವನ್ನೂ ಕೇಳುತ್ತವೆ. ಆ ಮನುಷ್ಯ ಕೊನೆಯ ಪುಟದವರೆಗೆ ಓದಿ ಮುಗಿಸಿದ ಪುಸ್ತಕ ಯಾವುದು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ವ್ಯಾಪಾರ ಕೆಡುತ್ತದೆ. ಉತ್ತರ ಸಿಕ್ಕರೆ ಒಂದೇ ಪುಸ್ತಕ ಮಾರಾಟವಾಗುತ್ತದೆ. ಸಿಗದಿದ್ದರೆ ಒಂದೂ ಆಗುವುದಿಲ್ಲ.

ಆದ್ದರಿಂದಲೇ ಸೆಟ್ಟು ಹುಟ್ಟಿಕೊಂಡದ್ದು. ಪ್ರತಿಯೊಂದು ಬಾಕ್ಸ್ ಸೆಟ್ಟೂ ಒಂದು ಸಮ್ಮಿಶ್ರ ಸರಕಾರ. ಮತ ತಂದವನು ಒಬ್ಬ, ಉಳಿದವರು ಅವನ ಹೆಗಲ ಮೇಲೆ ಕುಳಿತು ಬಂದವರು. ಎಲ್ಲರೂ ಕೇಳಿಕೊಂಡು ಬರುವ ಒಂದು ಕಾದಂಬರಿಯ ಅಕ್ಕಪಕ್ಕದಲ್ಲಿ ಅದೇ ಲೇಖಕರ ಮರೆತುಹೋದ ಪ್ರಬಂಧಗಳು, ಪತ್ರಗಳು, ಅರ್ಧಕ್ಕೇ ನಿಂತ ಕೊನೆಯ ಬರಹ. ಗೋದಾಮಿನಲ್ಲಿ ಜಾಗ ತಿನ್ನುತ್ತಿದ್ದವರಿಗೆಲ್ಲ ಮಂತ್ರಿಗಿರಿ. ಬೇಕಾದ ಒಂದನ್ನು ಬಿಡಿಯಾಗಿ ಕೇಳಿದರೆ ರಿಯಾಯಿತಿ ಇಲ್ಲ; ಐದನ್ನು ಒಟ್ಟಿಗೆ ಕೊಂಡರೆ ಅರ್ಧ ಬೆಲೆ. ಒಂದು ಪುಸ್ತಕ ತರಲು ಹೋದವನು ಎರಡೂವರೆ ಪುಸ್ತಕದ ದುಡ್ಡು ತೆತ್ತು, ಎರಡೂವರೆ ಪುಸ್ತಕದ ದುಡ್ಡು ಉಳಿಸಿದೆನೆಂದು ಮನೆಯಲ್ಲಿ ಎದೆಯುಬ್ಬಿಸಿ ಹೇಳುತ್ತಾನೆ. ಇಂಥ ಲೆಕ್ಕವನ್ನು ಗಣಿತದ ಸೆಟ್ಟಿನಲ್ಲೂ ಹೇಳಿಕೊಡುವುದಿಲ್ಲ.

ಸರಣಿ ಕಾದಂಬರಿಗಳ ಚಾಳಿಯೇ ಬೇರೆ. ಒಟ್ಟು ಏಳು ಭಾಗಗಳಿದ್ದರೆ ಸೆಟ್ಟಿನಲ್ಲಿರುವುದು ಮೊದಲ ಮೂರು. ಮೂರನೆಯದರ ಕೊನೆಯ ಸಾಲಿನಲ್ಲಿ ನಾಯಕಿ ಪ್ರಪಾತದ ಅಂಚಿನಲ್ಲಿ ನೇತಾಡುತ್ತಿರುತ್ತಾಳೆ. ಅವಳನ್ನು ಮೇಲೆತ್ತಬೇಕಾದರೆ ನಾಲ್ಕನೆಯ ಭಾಗಕ್ಕೆ ಪೂರ್ತಿ ಬೆಲೆ ಕೊಡಬೇಕು. ಅದು ಗಟ್ಟಿ ರಟ್ಟಿನದು, ಬೇರೆ ಅಳತೆಯದು, ಅಷ್ಟರಲ್ಲಿ ಸಿನಿಮಾ ಆಗಿದ್ದರೆ ಮುಖಪುಟದ ಮೇಲೆ ನಟಿಯ ಚಿತ್ರವಿರುವಂಥದು. ಕಪಾಟಿನಲ್ಲಿ ಮೂವರು ಕುಳ್ಳರ ಪಕ್ಕ ಒಬ್ಬ ಉದ್ದನೆಯವ ಬಂದು ನಿಲ್ಲುತ್ತಾನೆ.

ಪೆಟ್ಟಿಗೆಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಒಂದು ಪುಸ್ತಕ ತೆಗೆಯಲು ಇಡೀ ಪೆಟ್ಟಿಗೆಯನ್ನು ಮಗುಚಿ ಬೆನ್ನಿಗೆ ಗುದ್ದಬೇಕು. ಹೊರಬಂದದ್ದು ಮತ್ತೆ ಒಳಗೆ ಹೋಗುವುದಿಲ್ಲ. ಓದಿದ ಪುಸ್ತಕ ಸ್ವಲ್ಪ ಉಬ್ಬುತ್ತದೆ ಎಂಬುದು ಪೆಟ್ಟಿಗೆ ಮಾಡಿದವರಿಗೆ ತಿಳಿಯದ ಸಂಗತಿಯೇನಲ್ಲ. ಯಾರಾದರೂ ಓದಿಬಿಟ್ಟಾರು ಎಂಬುದು ಅವರ ಅಂದಾಜಿನಲ್ಲಿರಲಿಲ್ಲ, ಅಷ್ಟೇ.

ಇವೆಲ್ಲಕ್ಕೂ ಪಟ್ಟದಾನೆ ಎಂದರೆ ‘ವಿಶ್ವದ ಶ್ರೇಷ್ಠ ಕೃತಿಗಳು’. ಇದರ ರಿಯಾಯಿತಿ ಎಪ್ಪತ್ತು ಪ್ರತಿಶತಕ್ಕಿಂತ ಕೆಳಗಿಳಿಯುವುದೇ ಅಪರೂಪ. ಪ್ರಕಾಶಕರ ಔದಾರ್ಯಕ್ಕೆ ಕಣ್ಣೀರು ಹಾಕುವ ಮೊದಲು ಒಂದು ಸಣ್ಣ ವಿಷಯ ತಿಳಿದಿರಲಿ. ಹಕ್ಕುಸ್ವಾಮ್ಯದ ಬಗ್ಗೆ ದೇಶದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದ ಪ್ರಕಾರ ಸಾಹಿತ್ಯ ಕೃತಿಗೆ ಲೇಖಕ ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕುಸ್ವಾಮ್ಯದ ರಕ್ಷಣೆ ಇರಬೇಕು. ಅನೇಕ ದೇಶಗಳು ಅದನ್ನು 70 ವರ್ಷಕ್ಕೆ ಏರಿಸಿಕೊಂಡಿವೆ. ಅದೂ ಮುಗಿದರೆ ಯಾರು ಬೇಕಾದರೂ ಅಚ್ಚು ಹಾಕಬಹುದು, ಗೌರವಧನ ಕೊಡಬೇಕಾದವರು ಯಾರೂ ಇರುವುದಿಲ್ಲ. ಅನುವಾದಕರ ಹಕ್ಕು ಬೇರೆಯೇ ಆದ್ದರಿಂದ, ಸತ್ತು ಬಹುಕಾಲವಾದ ಅನುವಾದಕರನ್ನೇ ಹುಡುಕಿ ತರಲಾಗುತ್ತದೆ; ಎಷ್ಟೋ ಸೆಟ್ಟುಗಳಲ್ಲಿ ಅವರ ಹೆಸರನ್ನು ಹಾಕುವ ಶಾಯಿಯೂ ಉಳಿತಾಯ. ಉಳಿದ ಖರ್ಚೆಲ್ಲ ಮುಖಪುಟದ ಬಂಗಾರದ ಬಣ್ಣಕ್ಕೆ. ಒಳಗೆ ಅಕ್ಷರಗಳು ಇರುವೆಗಳ ಮೆರವಣಿಗೆ. ಬೆನ್ನಿಗೆ ಹೊಲಿಗೆಯಿಲ್ಲದ ಬರಿಯ ಗೋಂದು. ಮಧ್ಯಕ್ಕೆ ಬಿಡಿಸಿದರೆ ಪುಸ್ತಕ ಎರಡಾಗಿ ಸೆಟ್ಟಿನ ಸಂಖ್ಯೆ ತಾನೇ ಹೆಚ್ಚುತ್ತದೆ.

ಸೆಟ್ಟು ಕೊಂಡರೆ ವಿದ್ಯಾವಂತರಾಗಬಹುದು ಎಂಬ ಆಸೆ ಇಂದಿನದೇನೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ ನಲವತ್ತು ವರ್ಷ ದುಡಿದ ಚಾರ್ಲ್ಸ್ ಎಲಿಯಟ್, ಐದಡಿ ಉದ್ದದ ಕಪಾಟಿನಲ್ಲಿ ಹಿಡಿಸುವಷ್ಟು ಪುಸ್ತಕಗಳನ್ನು ದಿನಕ್ಕೆ 15 ನಿಮಿಷ ಓದಿದರೂ ಒಳ್ಳೆಯ ಶಿಕ್ಷಣ ದೊರಕುತ್ತದೆ ಎಂದು ಹೇಳುತ್ತಿದ್ದರು. ಪ್ರಕಾಶಕರು ಅಳತೆಪಟ್ಟಿ ಹಿಡಿದುಕೊಂಡೇ ಓಡಿ ಬಂದರು. 1909ರಲ್ಲಿ ಹೊರಬರತೊಡಗಿದ ಆ ಮಾಲೆ ಬೆಳೆದು ನಿಂತದ್ದು 51 ಸಂಪುಟಗಳಿಗೆ. ಸಂಪುಟಕ್ಕೆ 400 ಪುಟ ಎಂದು ಹಿಡಿಯಿರಿ, 15 ನಿಮಿಷಕ್ಕೆ ಹತ್ತು ಪುಟ ಓದುವ ಚುರುಕು ಇದೆ ಎಂದೂ ಇಟ್ಟುಕೊಳ್ಳಿ. ಜ್ವರ, ಮದುವೆ, ಪರೀಕ್ಷೆ ಯಾವುದೂ ಅಡ್ಡ ಬಾರದೆ ಐದೂವರೆ ವರ್ಷ ಬೇಕು. 1952ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದವರು ಪಾಶ್ಚಾತ್ಯ ಜಗತ್ತಿನ ಮಹಾಗ್ರಂಥಗಳೆಂದು 54 ಸಂಪುಟ ತಂದರು. ಮನೆಮನೆಗೆ ಮಾರಾಟಗಾರರನ್ನು ಕಳಿಸಿದ ಮೇಲೆಯೇ ಅದು ಓಡಿದ್ದು. ಅದರೊಂದಿಗೆ 102 ಮಹಾವಿಚಾರಗಳ ಸೂಚಿಯೂ ಇತ್ತು: ನ್ಯಾಯದ ಬಗ್ಗೆ ಯಾರು ಎಲ್ಲಿ ಏನೆಂದಿದ್ದಾರೆ ಎಂದು ಹುಡುಕಿಕೊಳ್ಳಲು. ಉಳಿದ ಸಂಪುಟಗಳನ್ನು ಬಿಡಿಸದೆ ಭಾಷಣ ಮಾಡಲು ಇದಕ್ಕಿಂತ ಹೆಚ್ಚಿನದೇನು ಬೇಕು? ನನ್ನ ಮಟ್ಟಿಗೆ ಆ ಸೆಟ್ಟಿನಲ್ಲಿ ಬೆಲೆಗೆ ತಕ್ಕ ಸರಕು ಆ ಸೂಚಿಯೇ.

ಮುದ್ರಿತ ಬೆಲೆಯ ಮೇಲೆ ಕೆಂಪು ಗೀಟು ಎಳೆಯುವ ಕಲೆಯನ್ನು ಹೆಚ್ಚು ವಿವರಿಸಬೇಕಿಲ್ಲ. ನೂರನ್ನು ನೂರಿಪ್ಪತ್ತೈದು ಮಾಡಿ ಶೇಕಡಾ 20 ಇಳಿಸಿದರೆ ಮತ್ತೆ ನೂರೇ. ನಡುವೆ ಹಬ್ಬವೊಂದು ಆಗಿಹೋಗಿರುತ್ತದೆ. ಐರೋಪ್ಯ ಒಕ್ಕೂಟದವರು ಈ ಚಮತ್ಕಾರ ನೋಡಿ ಸಾಕಾಗಿ, ಬೆಲೆ ಇಳಿಸಿದೆವೆಂದು ಸಾರುವವರು ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕೆಂಬ ನಿಯಮವನ್ನು 2022ರ ಮೇ 28ರಿಂದ ಜಾರಿಗೆ ತಂದರು. ಫ್ರಾನ್ಸಿನವರು ಅದಕ್ಕೂ ಮುಂಚೆಯೇ, 1981ರ ಕಾನೂನಿನಲ್ಲಿ, ಹೊಸ ಪುಸ್ತಕದ ಮೇಲೆ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೂಡದು ಎಂದುಬಿಟ್ಟಿದ್ದಾರೆ. ಪಾಪ, ಆ ಜನ ಪುಸ್ತಕ ಬೇಕೆನಿಸಿದಾಗ ಮಾತ್ರ ಪುಸ್ತಕ ಕೊಳ್ಳಬೇಕಾದ ಸ್ಥಿತಿಯಲ್ಲಿದ್ದಾರೆ.

ಸೆಟ್ಟನ್ನು ಬುಟ್ಟಿಗೆ ಹಾಕಿದ ಕೂಡಲೇ ಪರಿಕರಗಳು ಮುತ್ತಿಕೊಳ್ಳುತ್ತವೆ. ಇನ್ನಷ್ಟು ಕೊಂಡರೆ ಸಾಗಣೆ ಉಚಿತ ಎಂಬ ಬೆದರಿಕೆಯೊಂದಿಗೆ ಅವು ಬರುತ್ತವೆ. ಪುಟ ಹಿಡಿದಿಡಲು ಹೆಬ್ಬೆರಳಿಗೆ ಸಿಕ್ಕಿಸುವ ಮರದ ಉಂಗುರ. ಪುಟ ಮಗುಚದಂತೆ ಮೇಲಿಡುವ ಚರ್ಮದ ತೂಕ. ಕುತ್ತಿಗೆಗೆ ಹಾರದಂತೆ ಹಾಕಿಕೊಳ್ಳುವ ದೀಪ, ಅದನ್ನು ಚಾರ್ಜ್ ಮಾಡಲು ತಂತಿ, ತಂತಿ ಇಡಲು ಚೀಲ. ಪುಸ್ತಕಕ್ಕೆ ಅಂಗಿ. ಮೆಚ್ಚಿದ ಸಾಲಿಗೆ ಹಳದಿ, ದುಃಖದ ಸಾಲಿಗೆ ನೀಲಿ, ಪ್ರೇಮಕ್ಕೆ ಗುಲಾಬಿ ಎಂದು ಅಂಟಿಸುವ ಚೀಟಿಗಳು. ಮುಗಿಯುವ ಹೊತ್ತಿಗೆ ಪುಸ್ತಕ ಚುನಾವಣೆಯ ಬೀದಿಯಂತೆ ಕಾಣಬೇಕು. ಮೂಗಿಗಿಂತ ಮೂಗುತಿ ಭಾರ ಎಂದ ಹಿರಿಯರು ಹಿತ್ತಾಳೆಯ ಬುಕ್‌ಮಾರ್ಕನ್ನು ಕಂಡವರಲ್ಲ. ಬಸ್ ಟಿಕೆಟ್ಟು, ಔಷಧದ ಚೀಟಿ, ತಲೆಕೂದಲು, ಇನ್ನೊಂದು ಪುಸ್ತಕದಿಂದ ಕಳಚಿದ ಹಾಳೆ – ಇವುಗಳಿಂದಲೇ ನಡೆದುಬಂದಿದ್ದ ಕೆಲಸಕ್ಕೆ ಈಗ ಐದರ ಸೆಟ್ ಬೇಕು. ಒಂದೇ ಪುಸ್ತಕದ ಐದು ಕಡೆ ಏಕಕಾಲಕ್ಕೆ ನಿಂತುಹೋಗುವ ಸಾಮರ್ಥ್ಯ ಎಲ್ಲರಿಗೂ ಇರುವುದಿಲ್ಲ.

ನೀಲಿ ಬೆಳಕು ತಡೆಯುವ ಕನ್ನಡಕವನ್ನೂ ‘ಓದುಗರ ಸಂಗಾತಿ’ ಎಂದು ಕಾಗದದ ಪುಸ್ತಕಗಳ ಜೊತೆಗೇ ಕಟ್ಟಿಕೊಡುತ್ತಾರೆ. ಪರದೆಯ ಮುಂದೆ ಕುಳಿತವರಿಗೂ ಸಾಮಾನ್ಯ ಕನ್ನಡಕಕ್ಕಿಂತ ಇದು ಅಲ್ಪಾವಧಿಯಲ್ಲಿ ಕಣ್ಣಿನ ದಣಿವನ್ನು ಕಡಿಮೆ ಮಾಡಲಾರದೇನೋ ಎಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ, 17 ಪ್ರಯೋಗಗಳನ್ನು ಪರಿಶೀಲಿಸಿದ ಸಮೀಕ್ಷೆಯಲ್ಲಿ, 2023ರಲ್ಲಿ ಹೇಳಿತು. ಕಾಗದವಂತೂ ತಾನಾಗಿ ಯಾವ ಬಣ್ಣದ ಬೆಳಕನ್ನೂ ಸೂಸಿದ ದಾಖಲೆಯಿಲ್ಲ. ಇನ್ನು ಹಳೆಯ ಪುಸ್ತಕದ ವಾಸನೆಯ ಮೇಣದಬತ್ತಿ. ಕಾಗದದೊಳಗಿನ ಸೆಲ್ಯುಲೋಸ್, ಲಿಗ್ನಿನ್ ನಿಧಾನವಾಗಿ ಶಿಥಿಲವಾಗುವಾಗ ಏಳುವ ವಾಸನೆ ಅದು. ಅಂದರೆ ಪುಸ್ತಕ ಸಾಯುವ ವಾಸನೆ. ಅದನ್ನು ಬತ್ತಿಯಲ್ಲಿ ತುಂಬಿ, ಬೆಂಕಿ ಹಚ್ಚಿ, ಕಾಗದದ ಪಕ್ಕದಲ್ಲಿಟ್ಟುಕೊಂಡು ಓದಿ ಎನ್ನುತ್ತಾರೆ. ಇದರಲ್ಲೂ ಎರಡು ಕೊಂಡರೆ ಒಂದು ಉಚಿತ.

ಪರಿಕರಗಳೆಲ್ಲ ಸೋಗೇ ಎಂದರೆ ಅನ್ಯಾಯವಾಗುತ್ತದೆ. 1588ರಲ್ಲಿ ಇಟಲಿಯ ಎಂಜಿನಿಯರ್ ಅಗಸ್ಟಿನೊ ರಾಮೆಲ್ಲಿ ಒಂದು ಪುಸ್ತಕ ಚಕ್ರದ ನಕ್ಷೆ ಪ್ರಕಟಿಸಿದ. ಕುಳಿತಲ್ಲಿಂದಲೇ ತಿರುಗಿಸಿದರೆ ಒಂದೊಂದೇ ತೆರೆದ ಪುಸ್ತಕ ಕಣ್ಣೆದುರಿಗೆ ಬರುತ್ತದೆ. ಹಲ್ಲುಚಕ್ರಗಳ ಜೋಡಣೆಯಿಂದ ಯಾವ ಪುಸ್ತಕವೂ ಜಾರದೆ ಒಂದೇ ಓರೆಯಲ್ಲಿ ನಿಲ್ಲುತ್ತದೆ. ಅಷ್ಟು ದೊಡ್ಡ ಯಂತ್ರಕ್ಕೆ ಅವನು ಕೊಟ್ಟ ಕಾರಣ ಸರಳ: ಅಸ್ವಸ್ಥರಿಗೆ, ಅದರಲ್ಲೂ ಕಾಲಿನ ಕೀಲು ಊದಿಸುವ ಗೌಟ್ ನೋವಿನಿಂದ ನರಳುವವರಿಗೆ ಇದು ಅನುಕೂಲ. ಅವನಿಗೆ ಎದುರಿಗೊಬ್ಬ ಓದುಗ ಕಂಡಿದ್ದ, ಆ ಓದುಗನ ಕಾಲು ಕಂಡಿತ್ತು. ಇಂದಿನ ಮಾರ್ಗದರ್ಶಿಯಲ್ಲಿ ಅಂಥವರನ್ನು ಹುಡುಕಿ. ಬೆರಳು ನಡುಗುವವರಿಗೆ ಬೇಕಾದ ಸ್ಟ್ಯಾಂಡು, ಕಣ್ಣು ಮಂಜಾದವರಿಗೆ ಬೇಕಾದ 16 ಅಥವಾ 18 ಪಾಯಿಂಟಿನ ದೊಡ್ಡಕ್ಷರದ ಮುದ್ರಣ, ಮಲಗಿಕೊಂಡು ಹಿಡಿಯಲು ಹಗುರವಾದ ಪ್ರತಿ – ಇವು ಸೆಟ್ಟಿನಲ್ಲಿರುವುದಿಲ್ಲ, ಸಿಕ್ಕರೂ ಪೂರ್ತಿ ಬೆಲೆಗೆ. ‘ಅಜ್ಜನಿಗಾಗಿ’ ಎಂಬ ವಿಭಾಗದಲ್ಲಿ ಕಾಣುವುದು ಒಂಬತ್ತು ಸಂಪುಟಗಳ ಸಾಮ್ರಾಜ್ಯ ಚರಿತ್ರೆ: ಒಂದೊಂದೂ ಇಟ್ಟಿಗೆಯಷ್ಟು ಭಾರ, ಅಕ್ಷರ ಸಾಸಿವೆಯಷ್ಟು. ಅಜ್ಜ ಅದನ್ನು ಎತ್ತಬಲ್ಲವನಾಗಿದ್ದರೆ ಸಾಮ್ರಾಜ್ಯವನ್ನೇ ಕಟ್ಟುತ್ತಿದ್ದ.

ಮಕ್ಕಳ ಸೆಟ್ಟುಗಳನ್ನು ನಾನು ಬೈಯುವುದಿಲ್ಲ. ಮಗು ಪುಸ್ತಕವನ್ನು ಕಚ್ಚುತ್ತದೆ, ಹರಿಯುತ್ತದೆ, ಬೇಡವಾದರೆ ಕೊಟ್ಟವರ ಎದುರಿಗೇ ಎಸೆಯುತ್ತದೆ. ವಿಮರ್ಶೆಯಲ್ಲಿ ಅಷ್ಟು ಪ್ರಾಮಾಣಿಕತೆ ದೊಡ್ಡವರಲ್ಲಿ ಉಳಿದಿಲ್ಲ. ದೊಡ್ಡವರು ಧನ್ಯವಾದ ಹೇಳಿ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಕಪಾಟಿಗೇರಿಸಿ, ಮುಂದಿನ ವರ್ಷ ಬೇರೆ ಯಾರಿಗಾದರೂ ದಾಟಿಸುತ್ತಾರೆ. ಹೀಗೆ ಒಂದೇ ಸೆಟ್ ‘ಅಮ್ಮನಿಗೆ’ ಎಂದು ಹೊರಟು, ಸಹೋದ್ಯೋಗಿಗೆ, ಅವನಿಂದ ಗುರುಗಳಿಗೆ, ಗುರುಗಳಿಂದ ಗೃಹಪ್ರವೇಶಕ್ಕೆ ಸುತ್ತುತ್ತಿರುತ್ತದೆ. ಎಲ್ಲ ಬಗೆಯ ಓದುಗರಿಗೂ ಒಪ್ಪುತ್ತದೆ ಎಂಬ ಜಾಹೀರಾತು ಅಷ್ಟರ ಮಟ್ಟಿಗೆ ನಿಜ.

ಓದದೆ ಇಡುವ ಪುಸ್ತಕಗಳನ್ನು ರೋಮಿನ ದಾರ್ಶನಿಕ ಸೆನೆಕ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗೇಲಿ ಮಾಡಿದ್ದ. ಒಡೆಯನ ಜೀವಮಾನವೆಲ್ಲ ಕಳೆದರೂ ಶೀರ್ಷಿಕೆಗಳನ್ನೇ ಓದಿ ಮುಗಿಸಲಾಗದಷ್ಟು ಪುಸ್ತಕ ಯಾಕೆ ಎಂದು ಅವನ ಪ್ರಶ್ನೆ. ಮಾರುಕಟ್ಟೆ ಆ ಪ್ರಶ್ನೆಗೂ ಉತ್ತರ ಕಂಡುಕೊಂಡಿದೆ. ಬೆನ್ನಿನ ಬಣ್ಣ ನೋಡಿ ಮೀಟರ್ ಲೆಕ್ಕದಲ್ಲಿ ಪುಸ್ತಕ ಮಾರುವವರಿದ್ದಾರೆ. ಶೀರ್ಷಿಕೆ ಓದುವ ಕಷ್ಟವೂ ತಪ್ಪಿತು. ಅದೂ ಹೆಚ್ಚೆನಿಸಿದವರಿಗೆ ಪುಸ್ತಕದ ಆಕಾರದ ಟೊಳ್ಳು ಡಬ್ಬಿಗಳ ಸೆಟ್ ಇದೆ: ಮೂರು ಡಬ್ಬಿ, ಚರ್ಮದಂಥ ಬೆನ್ನು, ಬಂಗಾರದ ಅಂಚು, ಒಳಗೆ ಏನೂ ಇಲ್ಲ. ಇದನ್ನು ಯಾವ ಬಗೆಯ ಓದುಗರಿಗೆ ಸೂಚಿಸಬೇಕೆಂದು ಮಾರ್ಗದರ್ಶಿಗಳಿಗೆ ಗೊಂದಲವೇನೂ ಇದ್ದಂತಿಲ್ಲ. ‘ಓದು ಪ್ರಿಯರಿಗೆ’ ಎಂದೇ ಹಾಕುತ್ತಾರೆ. ಅದರ ಜೊತೆ ಒಂದು ಬುಕ್‌ಮಾರ್ಕನ್ನೂ ಉಚಿತವಾಗಿ ಕಳಿಸಿದರೆ ಆಶ್ಚರ್ಯಪಡಬೇಡಿ.