ಸಕ್ಕರೆ ಹಾಕದ ಕಾಫಿ

ನಮ್ಮಕ್ಕನ ಮಗ ಮಂಡ್ಯದವನು. ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ದಿನಾ ಬೆಳಿಗ್ಗೆ ಟ್ರೈನ್ ಹಿಡಿದು ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಸುಮಾರು 45 ಕಿಲೋಮೀಟರ್ ಹೋಗಿ ಬರುತ್ತಾನೆ. ಅವನು ಮಾಡಿದ ಬಿಲ್ಲುಗಳನ್ನು ಚೆಕ್ ಮಾಡುವ ಹುಡುಗಿ ಮೈಸೂರಿನವಳು. ‘ಮಾವ, ನನ್ನ ತಪ್ಪುಗಳನ್ನ ಅವಳು ಮ್ಯಾನೇಜರಿಗೆ ಹೇಳ್ತಿರಲಿಲ್ಲ, ನನಗೇ ಬಂದು ಹೇಳ್ತಿದ್ದಳು. ಅಲ್ಲೇ ಬಿದ್ದೆ’ ಅಂದ. ಆಮೇಲೆ ಮೂರು ವರ್ಷ ಇಬ್ಬರದೂ ಒಂದೇ ಟಿಫನ್ ಡಬ್ಬಿ.

ಹುಡುಗಿ ಬೇರೆ ಜಾತಿ. ಮನೆಯವರನ್ನು ಒಪ್ಪಿಸೋಕೆ ಎಂಟು ತಿಂಗಳು ಹಿಡಿಯಿತು. ಒಪ್ಪಿದ ಮೇಲೆ ಶುರುವಾಯಿತು ನೋಡಿ, ನಾಟಕ.

ಯುಗಾದಿಗೆ ಪುಣೆಯಿಂದ ಊರಿಗೆ ಬಂದಿದ್ದ ನನ್ನನ್ನೂ ಹೆಣ್ಣು ನೋಡೋಕೆ ಕರೆದುಕೊಂಡು ಹೋದರು. ಮೂರು ವರ್ಷ ಜೊತೆಯಲ್ಲಿ ಉಂಡ ಹುಡುಗ ಸೋಫಾ ತುದಿಯಲ್ಲಿ ಕೈಕಟ್ಟಿ ಕೂತಿದ್ದ. ಕೇಸರಿಬಾತು, ಉಪ್ಪಿಟ್ಟು ಬಂತು. ದೊಡ್ಡಮ್ಮ ‘ಏನ್ ಓದಿದ್ದೀಯಮ್ಮ?’ ಅಂದರು. ಹುಡುಗಿ ತಲೆ ತಗ್ಗಿಸಿ ‘ಬಿ.ಕಾಂ.’ ಅಂದಳು. ಆಮೇಲೆ ಕಾಫಿ ತಟ್ಟೆ ತಂದು, ನಮಗೆಲ್ಲ ಕೊಟ್ಟು, ಕೊನೆಯ ಲೋಟ ಅವನ ಮುಂದೆ ಹಿಡಿದು, ‘ಇದಕ್ಕೆ ಸಕ್ಕರೆ ಹಾಕಿಲ್ಲ’ ಅಂದುಬಿಟ್ಟಳು.

ಒಂದು ಗಳಿಗೆ ಎಲ್ಲರೂ ಗಪ್‌ಚುಪ್. ದೊಡ್ಡಮ್ಮ ಲೋಟ ಕೆಳಗಿಟ್ಟು, ‘ಹುಡುಗಿ ಚುರುಕಾಗಿದ್ದಾಳೆ’ ಅಂದರು. ಮಾತು ಮುಂದೆ ಹೋಯಿತು.

ನಾನು ಪುಣೆ ಸೇರಿ 22 ವರ್ಷ ಆಯಿತು. ನನ್ನದೂ ಆಫೀಸಿನಲ್ಲೇ ಹುಟ್ಟಿದ ಪ್ರೀತಿ, ಹೆಂಡತಿ ಮರಾಠಿಯವಳು. ಅವರಲ್ಲಿ ನಿಶ್ಚಿತಾರ್ಥಕ್ಕೆ ಸಾಖರ್‌ಪುಡಾ ಅಂತಾರೆ, ಅಂದರೆ ಸಕ್ಕರೆ ಪೊಟ್ಟಣ. ಗಂಡಿನ ಕಡೆಯವರು ಶಂಕುವಿನ ಆಕಾರದ, ಜರಿ ಹಚ್ಚಿದ ಪೊಟ್ಟಣ ತಂದು ಹುಡುಗಿಯ ಕೈಗೆ ಕೊಡಬೇಕು. ನಮ್ಮಮ್ಮನಿಗೆ ಅದು ನಗು ತರಿಸಿತ್ತು. ಪಾಪ, 1933ರಿಂದ ಮೈಶುಗರ್ ಫ್ಯಾಕ್ಟರಿ ಇರೋ ಊರಿನವಳು. ‘ಸಕ್ಕರೆ ನಮ್ಮದು, ಶಾಸ್ತ್ರ ಇವರದಾ?’ ಅಂದಿದ್ದಳು. ನಮ್ಮ ಕಡೆ ಎಲೆ ಅಡಿಕೆ ಬದಲಾಯಿಸಿದರೇನೇ ಮಾತು ಗಟ್ಟಿ. ಅದೂ ಮೈಸೂರು ಚಿಗುರೆಲೆ ಆದರೆ ಇನ್ನೂ ಖುಷಿ.

ಅಲ್ಲಿ ನನಗೆ ಇಷ್ಟವಾದದ್ದು ಒಂದು. ನಮ್ಮ ಮಾವ ಬಂದವರಿಗೆಲ್ಲ ‘ಇಬ್ಬರೂ ಒಂದೇ ಆಫೀಸು, ಅವರೇ ಮೆಚ್ಚಿಕೊಂಡರು’ ಅಂತ ಹೇಳಿಕೊಂಡು ಓಡಾಡಿದರು. ಪುಣೆಯಲ್ಲಿ ಜಾತಿ ಇಲ್ಲ ಅಂತ ಹೇಳುತ್ತಿಲ್ಲ. ಧಾರಾಳವಾಗಿದೆ. ನನ್ನ ಪಗಾರ್ ಎಷ್ಟು ಅಂತ ಮೊದಲ ಭೇಟಿಯಲ್ಲೇ ಕೇಳಿದವರೂ ಇದೇ ಮಾವ. ಆದರೆ ಒಪ್ಪಿದ ಮೇಲೆ ಮುಚ್ಚಿಡಲಿಲ್ಲ.

ನಮ್ಮಲ್ಲಿ ಮುಚ್ಚಿಡುತ್ತೇವೆ. ‘ಗೊತ್ತಿರೋರ ಕಡೆಯಿಂದ ಬಂದ ಸಂಬಂಧ’ ಅಂತ ಅಕ್ಕ ಬೀದಿಗೆಲ್ಲ ಹೇಳಿದ್ದಳು. ಹೆಣ್ಣು ನೋಡೋ ನಾಟಕಕ್ಕೆ ನನ್ನ ತಕರಾರಿಲ್ಲ. ದೊಡ್ಡವರಿಗೂ ಮಾಡೋಕೆ ಒಂದು ಕೆಲಸ ಬೇಕಲ್ವಾ? ಉಪ್ಪಿಟ್ಟು ತಿಂದ ಮೇಲೆ ಭಾವನ ಮುಖದ ಬಿಗಿ ಸಡಿಲವಾದದ್ದನ್ನು ನಾನೇ ಕಂಡೆ. ಆದರೆ ಆ ಸುಳ್ಳು ನನಗೆ ಹಿಡಿಸಲಿಲ್ಲ. ಎಂಟು ತಿಂಗಳು ಅತ್ತು, ಊಟ ಬಿಟ್ಟು, ಕೊನೆಗೆ ಅಪ್ಪಂದಿರನ್ನು ಎದುರುಬದುರು ಕೂರಿಸಿದವರು ಆ ಇಬ್ಬರು. ಅದು ಯಾರಿಗೂ ಗೊತ್ತಾಗಲಿಲ್ಲ. ನಾಳೆ ಅದೇ ಬೀದಿಯ ಇನ್ನೊಂದು ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟರೆ, ‘ನೋಡಿ, ಅವರ ಮನೇಲಿ ಆಗಿಲ್ವಾ?’ ಅನ್ನೋಕೆ ಅವಳಿಗೆ ಏನಿದೆ? ಅವಳೂ ಮೊದಲಿಂದ ಅಳಬೇಕು.

ಆಷಾಢ ಬರೋದರೊಳಗೆ ಅಂತ ಅವಸರ ಮಾಡಿ ಮೈಸೂರಿನಲ್ಲೇ ನಿಶ್ಚಿತಾರ್ಥ ಇಟ್ಟರು. ಲಗ್ನಪತ್ರಿಕೆ ಓದಿದರು, ತಟ್ಟೆ ಬದಲಾಯಿಸಿದರು. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹಿರಿಯರೊಬ್ಬರು, ‘ಸಂಬಂಧ ಹೆಂಗ್ ಕೂಡಿ ಬಂತು?’ ಅಂತ ಕೇಳಿದರು. ತುಪ್ಪ ಬಡಿಸುತ್ತಿದ್ದ ಅಕ್ಕ ನನ್ನನ್ನೇ ನೋಡಿದಳು.

‘ಆಫೀಸಲ್ಲಿ’ ಅಂದೆ. ‘ಇಬ್ಬರೂ ಇಷ್ಟಪಟ್ಟಿದ್ದು.’

‘ಓ, ಹಂಗಾ’ ಅಂದು ಅವರು ಸಾರಿಗೆ ಕೈ ಹಾಕಿದರು. ಅಷ್ಟೇ.

ಅಕ್ಕ ಅವತ್ತೆಲ್ಲ ನನ್ನ ಜೊತೆ ಮಾತಾಡಲಿಲ್ಲ. ಪುಣೆಗೆ ಕಟ್ಟಿಕೊಟ್ಟ ಗಂಟಿನಲ್ಲಿ ಮಾತ್ರ ಚಿರೋಟಿ ನಾಲ್ಕು ಜಾಸ್ತಿ ಇದ್ದವು.